ಮಗುವಿನ ಅಳತೆಗೆ ಯಾವ ಮಕ್ಕಳು ಮಾದರಿ?

ಅಂಗನವಾಡಿಯಲ್ಲಿ ಮಗುವನ್ನು ತೂಗಿದ ಮೇಲೆ ಬೆಳವಣಿಗೆ ನಕ್ಷೆಯಲ್ಲಿ ಒಂದು ಚುಕ್ಕೆ ಇಡುವುದುಂಟು. ಚುಕ್ಕೆ ಗೆರೆಯ ಮೇಲಿದ್ದರೆ ತಾಯಿಗೆ ನೆಮ್ಮದಿ, ಕೆಳಗಿಳಿದರೆ ಚಿಂತೆ. ಆದರೆ ಆ ಗೆರೆಯನ್ನು ಯಾವ ಮಕ್ಕಳನ್ನು ಅಳೆದು ಎಳೆಯಲಾಗಿದೆ? ಈ ಪ್ರಶ್ನೆಯ ಹಿಂದೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

ಮಗುವಿನ ಬೆಳವಣಿಗೆಯನ್ನು ಕ್ರಮವಾಗಿ ಅಳೆದಿಟ್ಟ ಮೊದಲಿಗರಲ್ಲಿ ಫ್ರಾನ್ಸಿನ ಗೆನೊ ದ ಮೋಂಬೆಯಾರ್ ಒಬ್ಬ. 1759ರಿಂದ 1777ರವರೆಗೆ ಆತ ತನ್ನ ಮಗನ ಎತ್ತರವನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. ನಿಸರ್ಗ ವಿಜ್ಞಾನಿ ಬುಫೋನ್ ಅದನ್ನು ಪ್ರಕಟಿಸಿದ. ಮೊದಲ ವರ್ಷಗಳಲ್ಲಿ ವೇಗ, ಅನಂತರ ನಿಧಾನ, ಹರೆಯದಲ್ಲಿ ಮತ್ತೊಂದು ಜಿಗಿತ - ಬೆಳವಣಿಗೆಯ ಈ ಲಯ ಆ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಒಬ್ಬ ಹುಡುಗನ ಅಳತೆ ಊರಿಗೆಲ್ಲ ಮಾನದಂಡವಾಗದು.

20ನೆಯ ಶತಮಾನದಲ್ಲಿ ಸಾವಿರಾರು ಮಕ್ಕಳನ್ನು ಅಳೆದು ನಕ್ಷೆಗಳನ್ನು ರಚಿಸಲಾಯಿತು. ಅವುಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು ಅಮೆರಿಕದಲ್ಲಿ 1977ರಲ್ಲಿ ಪ್ರಕಟವಾದ ನಕ್ಷೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಜಗತ್ತಿನ ಬಳಕೆಗೆ ಶಿಫಾರಸು ಮಾಡಿತು. ಎರಡು ವರ್ಷದೊಳಗಿನವರ ಗೆರೆಗಳಿಗೆ ಆಧಾರ ಓಹಿಯೊ ರಾಜ್ಯದ ಯೆಲ್ಲೊ ಸ್ಪ್ರಿಂಗ್ಸ್ ಎಂಬ ಊರಿನ ಸುತ್ತಮುತ್ತ 1929ರಿಂದ 1975ರವರೆಗೆ ಅಳೆದ ಮಕ್ಕಳು. ಅವರೆಲ್ಲ ಐರೋಪ್ಯ ಮೂಲದವರು. ಹೆಚ್ಚಿನವರು ಬಾಟಲಿ ಹಾಲು ಕುಡಿದು ಬೆಳೆದವರು. ಭಾರತದ ಅಂಗನವಾಡಿಗಳಲ್ಲಿ ಬಹುಕಾಲ ನಡೆದುಬಂದ ಅಳತೆಗೂ ಬೋಸ್ಟನ್ನಿನ ಮಕ್ಕಳೇ ಆಧಾರವಾಗಿದ್ದರು.

ತೊಡಕು ಇಲ್ಲಿಯೇ ಇತ್ತು. ಎದೆಹಾಲು ಕುಡಿಯುವ ಮಗು ಮೊದಲ ಎರಡು ಮೂರು ತಿಂಗಳು ಚೆನ್ನಾಗಿ ತೂಕ ಪಡೆದು, ಆಮೇಲೆ ಬಾಟಲಿ ಹಾಲಿನ ಮಗುವಿಗಿಂತ ನಿಧಾನವಾಗಿ ತೂಕ ಏರಿಸಿಕೊಳ್ಳುತ್ತದೆ. ಅದು ಸಹಜ. ಆದರೆ ಹಳೆಯ ನಕ್ಷೆಯಲ್ಲಿ ಆ ಮಗು ಸೊರಗುತ್ತಿರುವಂತೆ ಕಾಣುತ್ತಿತ್ತು. ಹಾಲು ಸಾಲದೆಂದು ತಾಯಿ ಅವಧಿಗೆ ಮುನ್ನವೇ ಮೇಲುಹಾಲಿಗೆ ತೊಡಗುವ ಅಪಾಯವಿತ್ತು. ಶುದ್ಧ ನೀರಿಲ್ಲದ ಮನೆಯಲ್ಲಿ ಬಾಟಲಿಯೊಂದಿಗೆ ಭೇದಿಯೂ ಬರುತ್ತದೆ. ತಪ್ಪಿದ್ದು ಮಗುವಿನಲ್ಲಲ್ಲ, ಅಳತೆಗೋಲಿನಲ್ಲಿ.

ಇದನ್ನು ಸರಿಪಡಿಸಲು ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಸಿತು. ಭಾರತದ ಕೇಂದ್ರ ದೆಹಲಿ. ತಾಯಿ ಧೂಮಪಾನ ಮಾಡದ, ಬೆಳವಣಿಗೆಗೆ ಬಡತನ ಅಡ್ಡಿಯಾಗದ ಮನೆಗಳ ಮಕ್ಕಳನ್ನೇ ಆರಿಸಲಾಯಿತು. ಶಿಶುಗಳಿಗೆ ಎದೆಹಾಲೇ ಆಹಾರವಾಗಿರಬೇಕಿತ್ತು. ಪ್ರತಿ ಮಗುವನ್ನೂ ಇಬ್ಬರು ಬೇರೆ ಬೇರೆಯಾಗಿ ಅಳೆಯುತ್ತಿದ್ದರು. ಇಬ್ಬರ ಅಂಕಿಗಳ ಅಂತರ ನಿಗದಿತ ಮಿತಿ ಮೀರಿದರೆ ಮತ್ತೆ ಅಳೆಯಬೇಕಿತ್ತು. ಎಚ್ಚರಿಕೆಗೆ ಕಾರಣವಿದೆ. ಒಂದೇ ಮಗುವನ್ನು ಮಲಗಿಸಿ ಅಳೆದಾಗ ಬರುವ ಉದ್ದ, ನಿಲ್ಲಿಸಿ ಅಳೆದಾಗ ಬರುವ ಎತ್ತರಕ್ಕಿಂತ ಸುಮಾರು 0.7 ಸೆಂಟಿಮೀಟರ್ ಹೆಚ್ಚು.

ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ದೇಶಭೇದದ ಪಾಲು ಕೇವಲ ಶೇ. 3ರಷ್ಟು. ಆಹಾರ, ಆರೈಕೆ, ಆರೋಗ್ಯ ಸರಿಯಾಗಿದ್ದರೆ ಐದು ವರ್ಷದೊಳಗೆ ದೆಹಲಿಯ ಮಗುವೂ ಓಸ್ಲೋದ ಮಗುವೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತವೆ ಎಂದಾಯಿತು. 2006ರ ಏಪ್ರಿಲ್‌ನಲ್ಲಿ ಹೊಸ ಮಾನದಂಡ ಪ್ರಕಟವಾಯಿತು. 2008ರಲ್ಲಿ ಭಾರತವೂ ಅದನ್ನು ಒಪ್ಪಿ, ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ನಕ್ಷೆಯನ್ನು ಜಾರಿಗೆ ತಂದಿತು.

ಹೊಸ ಗೆರೆಯ ಪ್ರಕಾರ ಮೊದಲ ಆರು ತಿಂಗಳ ಶಿಶುಗಳಲ್ಲಿ ಕಡಿಮೆ ತೂಕದವು ಮೊದಲಿಗಿಂತ ಹೆಚ್ಚಾಗಿ ಕಂಡುಬಂದವು. ಹಳೆಯ ನಕ್ಷೆ ಅವುಗಳ ಕೊರತೆಯನ್ನು ಮರೆಮಾಚಿತ್ತು.

ಚರ್ಚೆ ಮುಗಿದಿಲ್ಲ. ಈ ಮಾನದಂಡದಿಂದ ಕುಳ್ಳಗಿರುವ ಆರೋಗ್ಯವಂತ ಮಕ್ಕಳೂ ಕುಪೋಷಿತರ ಪಟ್ಟಿಗೆ ಸೇರುತ್ತಾರೆಂದು, ಭಾರತಕ್ಕೆ ತನ್ನದೇ ನಕ್ಷೆ ಬೇಕೆಂದು ಕೆಲವು ತಜ್ಞರು ವಾದಿಸುತ್ತಾರೆ. ಗೆರೆಯನ್ನು ತಗ್ಗಿಸಿದರೆ ಹಸಿದ ಮಕ್ಕಳು ಲೆಕ್ಕದಿಂದ ಜಾರಿಹೋಗುತ್ತಾರೆಂಬುದು ಇನ್ನು ಕೆಲವರ ಆತಂಕ. ಎರಡೂ ವಾದಗಳ ಬುಡದಲ್ಲಿರುವ ಮಾತು ಒಂದೇ: ಗೆರೆ ಎಲ್ಲಿರಬೇಕೆಂಬುದರ ಮೇಲೆ ಯಾವ ಮಗುವಿನ ತಟ್ಟೆಗೆ ಹೆಚ್ಚಿನ ಆಹಾರ ಬೀಳಬೇಕೆಂಬುದು ನಿಂತಿದೆ.