ಸಿಂಗಪುರದ ರಾತ್ರಿ ಬೀದಿ ಆಹಾರ

ಸಿಂಗಪುರದಲ್ಲಿ ಕತ್ತಲಾದ ಮೇಲೆ ಬಯಲಿನಲ್ಲಿ ಬೇಯಿಸಿ, ಬಿಸಿಬಿಸಿಯಾಗಿ ಬಡಿಸುವ ಊಟ-ತಿಂಡಿಗಳ ಪರಂಪರೆ. ಇದನ್ನು ಕಟ್ಟಿದವರು ಚೀನೀ, ಮಲಯ, ಜಾವಾ ಮತ್ತು ದಕ್ಷಿಣ ಭಾರತ ಮೂಲದ ಬೀದಿ ವ್ಯಾಪಾರಿಗಳು. ಅಲ್ಲಿನವರ ಬಾಯಲ್ಲಿ ಇವರು ಹಾಕರ್‌ಗಳು. ಸೋಜಿಗವೆಂದರೆ ಈ ಬೀದಿ ಆಹಾರಕ್ಕೆ ಈಗ ಬಹುಪಾಲು ಬೀದಿಯೇ ಇಲ್ಲ. 1986ರ ಹೊತ್ತಿಗೆ ಸರ್ಕಾರ ಇವರೆಲ್ಲರನ್ನೂ ಸೂರಿನಡಿಗೆ ತಂದು ಕೂರಿಸಿತು.

1819ರಲ್ಲಿ ಬ್ರಿಟಿಷರು ಇಲ್ಲಿ ಬಂದರು ತೆರೆದ ಮೇಲೆ ಬಂದು ಸೇರಿದವರಲ್ಲಿ ಒಂಟಿ ಗಂಡಸರೇ ಹೆಚ್ಚು. ಹಡಗಿನ ಮೂಟೆ ಹೊರುವವರು, ದೋಣಿ ನಡೆಸುವವರು, ಮುಂದೆ ರಿಕ್ಷಾ ಎಳೆಯುವವರು ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುತ್ತಿದ್ದರು. ಒಲೆ ಹೂಡಲು ಜಾಗವೆಲ್ಲಿ? ಕೆಲಸ ಮುಗಿಯುತ್ತಿದ್ದುದೂ ಹೊತ್ತಲ್ಲದ ಹೊತ್ತಿನಲ್ಲಿ. ಅವರ ಅಡುಗೆಮನೆಯಾದದ್ದು ಬೀದಿ. 1822ರ ನಗರ ಯೋಜನೆಯಲ್ಲಿ, ಬಂದರು ತೆರೆದ ಬ್ರಿಟಿಷ್ ಅಧಿಕಾರಿ ರಾಫೆಲ್ಸ್, ಅಂಗಡಿಗಳ ಮುಂದೆ ನಡೆದಾಡುವವರಿಗೆಂದು ಮಾಡಿನ ಜಗಲಿ ಬಿಡಿಸಿದ್ದ. ‘ಐದಡಿ ದಾರಿ’ ಎಂದು ಹೆಸರಾದ ಆ ಜಗಲಿಯಲ್ಲಿ ನಡೆದಾಡುವವರಿಗಿಂತ ಮುಂಚೆ ವ್ಯಾಪಾರಿಗಳೇ ಬೇರೂರಿದರು. 1888ರಲ್ಲಿ ನಗರಸಭೆ ಜಗಲಿಗಳನ್ನು ತೆರವು ಮಾಡಿಸಲು ಹೊರಟಾಗ ಊರಲ್ಲಿ ಗಲಭೆಯೇ ಆಯಿತು.

ಹಳೆಯ ವ್ಯಾಪಾರಿ ಹೆಗಲ ಮೇಲೆ ಅಡ್ಡೆ ಹೊತ್ತು ಬರುತ್ತಿದ್ದ. ಒಂದು ತುದಿಯಲ್ಲಿ ಕೆಂಡದ ಒಲೆ, ಇನ್ನೊಂದರಲ್ಲಿ ಬಟ್ಟಲು, ಸಾಮಾನು. ಬರಬರುತ್ತ ಕೈಗಾಡಿಗಳು ಬಂದವು, ಅವುಗಳ ಮೇಲೆ ಸೀಮೆಎಣ್ಣೆ ಅಥವಾ ಕಾರ್ಬೈಡ್ ದೀಪ. ನೂಡಲ್ಸ್ ಮಾರುವವನಿಗೆ ಕೂಗುವ ಕೆಲಸವಿರಲಿಲ್ಲ. ಅವನ ಹುಡುಗ ಬಿದಿರಿನ ಎರಡು ತುಂಡುಗಳನ್ನು ಟೊಕ್ ಟೊಕ್ ಎಂದು ಬಡಿಯುತ್ತ ಗಲ್ಲಿ ಗಲ್ಲಿ ಸುತ್ತಿ, ಗಿರಾಕಿಗಳ ಬೇಕು-ಬೇಡ ಕೇಳಿಕೊಂಡು ಗಾಡಿಗೆ ಓಡುತ್ತಿದ್ದ. ಮಹಡಿಯವರು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಚಿಲ್ಲರೆ ಇಳಿಸಿ, ಬಿಸಿ ಬಟ್ಟಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಈ ನೂಡಲ್ಸ್‌ಗೆ ‘ಟೊಕ್ ಟೊಕ್ ಮೀ’ ಎಂದು ಹೆಸರಾಯಿತು. ಮನೆ ಬಾಗಿಲಿಗೆ ಊಟ ತರಿಸುವ ಪದ್ಧತಿ ಮೊಬೈಲಿನಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ರಾತ್ರಿಯ ತಾಣಗಳಲ್ಲಿ ದೊಡ್ಡ ಹೆಸರು ಸಟೇ ಕ್ಲಬ್‌ನದು. 1940ರ ದಶಕದಲ್ಲಿ ಬೀಚ್ ರೋಡಿನ ಅಲ್ಹಂಬ್ರಾ ಚಿತ್ರಮಂದಿರದ ಪಕ್ಕ, ಹೊಯ್ ಹೌ ರಸ್ತೆಯಲ್ಲಿ ಇದು ಬೆಳೆಯಿತು. ಸಟೇ ಎಂದರೆ ಮಸಾಲೆ ಹಚ್ಚಿದ ಮಾಂಸದ ಚೂರುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವುದು. ಮಾರುವವನು ಒಂದು ಕೈಯಲ್ಲಿ ಬೀಸಣಿಗೆಯಿಂದ ಕೆಂಡಕ್ಕೆ ಗಾಳಿ ಹಾಕುತ್ತ, ಇನ್ನೊಂದು ಕೈಯಲ್ಲಿ ಜಜ್ಜಿದ ಮಜ್ಜಿಗೆಹುಲ್ಲಿನ ದಂಟನ್ನೇ ಕುಂಚ ಮಾಡಿಕೊಂಡು ಎಣ್ಣೆ ಸವರುತ್ತಾನೆ. ನಂಜಿಕೊಳ್ಳಲು ಕಡಲೆಕಾಯಿ ಗೊಜ್ಜು, ಸೌತೆಕಾಯಿ, ಹಸಿ ಈರುಳ್ಳಿ. ತಿಂದಾದ ಮೇಲೆ ಖಾಲಿ ಕಡ್ಡಿ ಎಣಿಸಿ ದುಡ್ಡು ಕೊಟ್ಟರಾಯಿತು. 1970ರ ದಶಕದ ಆರಂಭದಲ್ಲಿ ಕ್ಲಬ್ ಸಮುದ್ರದ ದಂಡೆಯ ಎಸ್ಪ್ಲನೇಡಿಗೆ ಹೋಯಿತು. 1995ರಲ್ಲಿ ಅಲ್ಲಿಂದಲೂ ಎತ್ತಂಗಡಿಯಾಯಿತು.

ಆರ್ಚರ್ಡ್ ರಸ್ತೆಯಲ್ಲಿ ಹಗಲೆಲ್ಲ ಕಾರು ನಿಲ್ಲುವ ಬಯಲಿತ್ತು. ಸಂಜೆ ಕಾರುಗಳು ಹೊರಟಂತೆ ಕೈಗಾಡಿಗಳು ಒಳಗೆ ಬರುತ್ತಿದ್ದವು. ಜನ ಇದನ್ನು ಗ್ಲಟನ್ಸ್ ಸ್ಕ್ವೇರ್, ಅಂದರೆ ತಿಂಡಿಪೋತರ ಚೌಕ, ಎನ್ನುತ್ತಿದ್ದರು. 1978ರಲ್ಲಿ ಅದೂ ಮುಚ್ಚಿತು. ಬುಗಿಸ್ ಬೀದಿಯ ನಡುರಾತ್ರಿಯ ಮೇಜುಗಳು 1980ರ ದಶಕದಲ್ಲಿ ಮೆಟ್ರೋ ಕಾಮಗಾರಿಗೆ ಹೋದವು.

ಈ ರಾತ್ರಿ ಊಟದ ಪರಂಪರೆಯಲ್ಲಿ ದಕ್ಷಿಣ ಭಾರತದವರ, ವಿಶೇಷವಾಗಿ ತಮಿಳು ಮುಸ್ಲಿಮರ ಪಾಲು ಸಣ್ಣದಲ್ಲ. ನಮ್ಮ ಪರೋಟದ ತಮ್ಮನಂತಿರುವ ರೊಟಿ ಪ್ರಾಟಾ ನಡುರಾತ್ರಿಯ ಮೆಚ್ಚಿನ ತಿನಿಸು. ಮೀನಿನ ಸಾರಿನ ಜೊತೆ ತಿನ್ನುವವರಿದ್ದಾರೆ, ಬರೀ ಸಕ್ಕರೆ ಹಚ್ಚಿಕೊಳ್ಳುವವರೂ ಇದ್ದಾರೆ. ಪುಟು ಮಾಯಂ ಎಂದು ಅಲ್ಲಿ ಮಾರುವುದು ಕಾಯಿತುರಿ, ಸಕ್ಕರೆ ಹಾಕಿದ ಒತ್ತುಶ್ಯಾವಿಗೆಯೇ. ಶುಂಠಿ ಚಹಾದ ಅಂಗಡಿಗೆ ‘ಸರಬತ್’ ಅಂಗಡಿ ಎಂಬ ಹೆಸರು ಬಂದದ್ದು ನಮ್ಮ ಶರಬತ್ತಿನ ಮೂಲದಿಂದಲೇ. ಇವೆಲ್ಲಕ್ಕಿಂತ ಸ್ವಾರಸ್ಯದ್ದು ಮೀ ಗೊರೆಂಗ್: ಚೀನೀಯರ ಹಳದಿ ನೂಡಲ್ಸನ್ನು ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆಯೊಂದಿಗೆ ಭಾರತೀಯರು ಹುರಿದು ಮಾಡಿದ ಖಾದ್ಯ. ಅಲ್ಲಿ ಇದು ‘ಇಂಡಿಯನ್’ ತಿಂಡಿ. ಹುಡುಕಿದರೂ ಭಾರತದಲ್ಲಿ ಸಿಗದು.

ಸರ್ಕಾರ ವ್ಯಾಪಾರಿಗಳನ್ನು ಬೀದಿಯಿಂದ ಎಬ್ಬಿಸಿದ್ದಕ್ಕೆ ಕಾರಣ ನೀರು ಮತ್ತು ಚರಂಡಿ. ಗಾಡಿಗಳಿಗೆ ನಲ್ಲಿಯಿರಲಿಲ್ಲ, ಒಂದೇ ಬಕೆಟ್ಟಿನ ನೀರಿನಲ್ಲಿ ಎಷ್ಟೋ ಬಟ್ಟಲು ಅದ್ದಿ ತೆಗೆಯುತ್ತಿದ್ದರು. ಎಂಜಲು ಚರಂಡಿಗೆ, ಚರಂಡಿ ಸಿಂಗಪುರ ನದಿಗೆ. ಕಾಲರಾ, ಟೈಫಾಯ್ಡ್ ಭಯ ತಪ್ಪಿದ್ದಲ್ಲ. 1950ರಲ್ಲೇ ವಸಾಹತು ಸರ್ಕಾರ ಹಾಕರ್‌ಗಳ ಬಗ್ಗೆ ವಿಚಾರಣಾ ಆಯೋಗ ನೇಮಿಸಿತ್ತು. ಸ್ವಾತಂತ್ರ್ಯದ ನಂತರ 1968-69ರಲ್ಲಿ ದ್ವೀಪದ ಉದ್ದಗಲಕ್ಕೂ ನೋಂದಣಿ ನಡೆದು ಸುಮಾರು 18,000 ಬೀದಿ ವ್ಯಾಪಾರಿಗಳಿಗೆ ತಾತ್ಕಾಲಿಕ ಪರವಾನಗಿ ಸಿಕ್ಕಿತು. 1971ರಿಂದ ನಲ್ಲಿ, ವಿದ್ಯುತ್ತು, ಕಸದ ವ್ಯವಸ್ಥೆಯಿರುವ ಹಾಕರ್ ಸೆಂಟರುಗಳು ಎದ್ದವು. ಇವತ್ತಿಗೂ ತಡರಾತ್ರಿ ಜನ ಸೇರುವ ನ್ಯೂಟನ್ ಕೇಂದ್ರ ಆ ವರ್ಷದ್ದೇ. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಸರ್ಕಾರ ನದಿ ಸ್ವಚ್ಛಗೊಳಿಸಲು ಹತ್ತು ವರ್ಷದ ಗಡುವು ಹಾಕಿಕೊಂಡ ಮೇಲೆ ಕೆಲಸ ಬಿರುಸಾಯಿತು. ಬೀದಿಯ ಸೊಗಸು ಹೋಯಿತೆಂದು ಕೊರಗುವವರು ಆ ಒಂದು ಬಕೆಟ್ಟನ್ನು ಮರೆಯಬಾರದು. ವ್ಯಾಪಾರಿಗಳನ್ನು ಅಟ್ಟದೆ ಮಳಿಗೆ ಕೊಟ್ಟು ಉಳಿಸಿಕೊಂಡದ್ದು ಈ ಇತಿಹಾಸದ ದೊಡ್ಡ ಮಾತು.

ಬೀದಿ ಪೂರ್ತಿ ಸುಮ್ಮನಾಗಲಿಲ್ಲ. 1894ರ ಎಂಟು ಮೂಲೆಯ ಎರಕದ ಕಬ್ಬಿಣದ ಮಾರುಕಟ್ಟೆ ಲಾವ್ ಪಾ ಸಾಟ್‌ನ ಪಕ್ಕದ ಬೂನ್ ಟಾಟ್ ರಸ್ತೆಯಲ್ಲಿ ಸಂಜೆ ಏಳರ ಸುಮಾರಿಗೆ ವಾಹನ ತಡೆದು ಮೇಜು ಹಾಕುತ್ತಾರೆ. ಬ್ಯಾಂಕ್ ಕಟ್ಟಡಗಳ ನಡುವೆ ಸಟೇ ಹೊಗೆ ಏಳುತ್ತದೆ. ರಂಜಾನ್ ತಿಂಗಳಲ್ಲಿ ಗೇಲಾಂಗ್ ಸೆರಾಯ್‌ನಲ್ಲಿ ರಾತ್ರಿ ಬಜಾರು ತುಂಬುತ್ತದೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹಳೆಯ ಕೈಗಳು ದಣಿದಿವೆ. ಹನ್ನೆರಡು ತಾಸು ಬೆಂಕಿಯೆದುರು ನಿಲ್ಲಲು ಮಕ್ಕಳು ಸುಲಭಕ್ಕೆ ಒಪ್ಪುವುದಿಲ್ಲ.

ಹೊಸದಾಗಿ ಹೋಗುವವರು ಎರಡು ವಿಷಯ ತಿಳಿದಿರಬೇಕು. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣ ಕಂಡರೆ ಯಾರೋ ಜಾಗ ಹಿಡಿದಿದ್ದಾರೆಂದು ಅರ್ಥ. ಇದಕ್ಕೆ ಅಲ್ಲಿನ ಮಾತು ‘ಚೋಪ್’. ಎಂಜಲು ತಟ್ಟೆಯನ್ನು ತಿಂದವರೇ ಎತ್ತಿಡಬೇಕು: 2021ರ ಸೆಪ್ಟೆಂಬರಿನಿಂದ ಮೊದಲ ತಪ್ಪಿಗೆ ಲಿಖಿತ ಎಚ್ಚರಿಕೆ, ಎರಡನೆಯದಕ್ಕೆ 300 ಸಿಂಗಪುರ ಡಾಲರ್ ದಂಡ.