ಸ್ವಲೀನತೆ ಮತ್ತು ನೆನಪು: ಪ್ರಶ್ನೆ ಬದಲಾದರೆ ಉತ್ತರ ಸಿಕ್ಕೀತು

ಯಾದಗಿರಿ ನಿಲ್ದಾಣವನ್ನು ಹಾದುಹೋಗುವ ರೈಲುಗಳ ಹೆಸರು, ಸಂಖ್ಯೆ, ವೇಳೆಗಳನ್ನು ತಡವರಿಸದೆ ಹೇಳಬಲ್ಲ ಯುವಕನೊಬ್ಬ ‘ಕಳೆದ ವಾರ ಏನೇನಾಯಿತು?’ ಎಂಬ ಸರಳ ಪ್ರಶ್ನೆಗೆ ಮೌನವಾಗಿಬಿಡಬಹುದು. ನೋಡಿದವರು ಅದನ್ನು ಉಡಾಫೆ ಎಂದೋ ಸುಳ್ಳು ಎಂದೋ ತಿಳಿಯುತ್ತಾರೆ. ಸ್ವಲೀನತೆ, ಅಂದರೆ ಆಟಿಸಂ ಉಳ್ಳ ಅನೇಕ ವಯಸ್ಕರ ತೊಡಕು ಇಂಥದು. ನೆನಪು ಒಳಗೆ ಉಳಿದಿರುತ್ತದೆ. ಕೇಳಿದ ಹೊತ್ತಿಗೆ ಅದನ್ನು ಹೊರತೆಗೆಯುವುದು ಕಷ್ಟವಾಗುತ್ತದೆ. ಆಸ್ಪತ್ರೆ, ಪೊಲೀಸ್ ಠಾಣೆ, ಸರ್ಕಾರಿ ಕಚೇರಿಗಳಲ್ಲಿ ವ್ಯಕ್ತಿಯ ಮಾತನ್ನು ನಂಬುವುದು ಬಿಡುವುದು ಅವನ ನೆನಪನ್ನೇ ಅವಲಂಬಿಸಿರುವುದರಿಂದ, ಈ ತೊಡಕನ್ನು ಅರಿಯದಿದ್ದರೆ ಅನ್ಯಾಯವಾಗುವ ಸಂಭವವಿದೆ.

ನೆನಪಿನ ಎರಡು ಬಗೆ

ಸ್ವಲೀನತೆಯು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಭಿನ್ನತೆ. ಬಾಲ್ಯದಲ್ಲಿ ಕಾಣಿಸಿಕೊಂಡು ಜೀವನಪೂರ್ತಿ ಜೊತೆಗಿರುತ್ತದೆ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಇದರ ಬಗ್ಗೆ ಬರೆದಾಗ, ಅವರಲ್ಲಿ ಹಲವರ ಬಾಯಿಪಾಠದ ಶಕ್ತಿ ಅಸಾಧಾರಣವೆಂದು ದಾಖಲಿಸಿದ್ದರು. ‘ಇಂಥವರಿಗೆ ನೆನಪಿನ ಶಕ್ತಿ ಹೆಚ್ಚು’ ಎಂಬ ಜನಪ್ರಿಯ ಕಲ್ಪನೆ ಇಂದಿಗೂ ಉಳಿದಿದೆ. ಅದು ಅರ್ಧ ಸತ್ಯ ಮಾತ್ರ.

ಮನಶ್ಶಾಸ್ತ್ರಜ್ಞರು ನೆನಪನ್ನು ಹಲವು ಬಗೆಗಳಾಗಿ ವಿಂಗಡಿಸುತ್ತಾರೆ. ನಾರಾಯಣಪುರ ಜಲಾಶಯ ಕೃಷ್ಣಾ ನದಿಗೆ ಕಟ್ಟಿದ್ದು ಎಂಬುದು ಸಂಗತಿಯ ನೆನಪು. ಅಲ್ಲಿಗೆ ಯಾವಾಗ ಹೋಗಿದ್ದೆ, ಜೊತೆಯಲ್ಲಿ ಯಾರಿದ್ದರು, ಏನು ಮಾತಾಯಿತು ಎಂಬುದು ಅನುಭವದ ನೆನಪು. ಸ್ವಲೀನ ವಯಸ್ಕರಲ್ಲಿ ಮೊದಲನೆಯದು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಎರಡನೆಯದು ದುರ್ಬಲವಾಗಿರಬಹುದು, ಇಲ್ಲವೇ ನಿಧಾನವಾಗಿ ಬರಬಹುದು. ಘಟನೆಯ ಬಿಡಿ ವಿವರಗಳು, ಉದಾಹರಣೆಗೆ ಗೋಡೆಯ ಬಣ್ಣ ಅಥವಾ ವಾಹನದ ಸಂಖ್ಯೆ, ಸ್ಪಷ್ಟವಾಗಿರುತ್ತವೆ. ಆದರೆ ಯಾರು, ಎಲ್ಲಿ, ಯಾವಾಗ, ಯಾವುದರ ನಂತರ ಯಾವುದು ಎಂಬ ಕೊಂಡಿಗಳು ಸಡಿಲವಾಗಿರುತ್ತವೆ. ಎಲ್ಲರಲ್ಲೂ ಹೀಗೆಯೇ ಇರುತ್ತದೆ ಎಂದು ಹೇಳಲಾಗದು. ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಅಂತರವಿದೆ.

ಸುಳಿವಿನ ಮಹತ್ವ

ಬ್ರಿಟನ್ನಿನ ಸಂಶೋಧಕಿಯರಾದ ಜಿಲ್ ಬೌಷರ್ ಮತ್ತು ಎಲಿಜಬೆತ್ ವಾರಿಂಗ್ಟನ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಮುಖ್ಯವಾದುದು. ಸ್ವಲೀನ ಮಕ್ಕಳು ಯಾವ ಸಹಾಯವೂ ಇಲ್ಲದೆ ನೆನಪಿಸಿಕೊಳ್ಳಬೇಕಾದಾಗ ಹಿಂದೆ ಬಿದ್ದರು. ಸುಳಿವು ಕೊಟ್ಟಾಗ ಇತರ ಮಕ್ಕಳಿಗೆ ಸಮನಾಗಿ ಹೇಳಿದರು. ಮುಂದೆ ಲಂಡನ್ನಿನ ಡರ್ಮಟ್ ಬೌಲರ್ ವಯಸ್ಕರ ಮೇಲೆ ನಡೆಸಿದ ಸಂಶೋಧನೆಗಳೂ ಇದೇ ದಿಕ್ಕನ್ನು ತೋರಿದವು. ಪ್ರಶ್ನೆಯಲ್ಲಿಯೇ ಆಸರೆ ಇದ್ದರೆ ಸ್ವಲೀನ ವ್ಯಕ್ತಿಯ ನೆನಪು ಇತರರ ನೆನಪಿಗೆ ಹತ್ತಿರವಾಗುತ್ತದೆ. ಆಸರೆ ತೆಗೆದರೆ ಅಂತರ ಹೆಚ್ಚುತ್ತದೆ ಎಂಬುದು ಅವರ ವಾದದ ಸಾರ.

ದವಸ ತುಂಬಿದ ಕಣಜಕ್ಕೆ ಬಾಗಿಲು ಎಲ್ಲಿದೆ ಎಂದು ತಿಳಿಯದಿದ್ದರೆ ಒಳಗಿನದು ಕೈಗೆ ಸಿಗುವುದಿಲ್ಲ. ‘ಎಲ್ಲವನ್ನೂ ಹೇಳು’ ಎಂಬ ಪ್ರಶ್ನೆ ಬಾಗಿಲನ್ನು ತೋರಿಸುವುದಿಲ್ಲ. ಇತರರು ಇಂಥ ಪ್ರಶ್ನೆಗೆ ತಾವೇ ಒಂದು ಕ್ರಮ ಹಚ್ಚಿಕೊಂಡು ಉತ್ತರಿಸುತ್ತಾರೆ. ಸ್ವಲೀನ ವ್ಯಕ್ತಿಗೆ ಎಲ್ಲಿಂದ ಆರಂಭಿಸಬೇಕು, ಯಾವುದು ಮುಖ್ಯ, ಎಷ್ಟು ಸಾಕು ಎಂಬುದೇ ಸಮಸ್ಯೆ. ಗದ್ದಲ, ಬೆಳಕು, ಅವಸರ, ಅಪರಿಚಿತ ಮುಖಗಳು ಸೇರಿದರೆ ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಮುಂದೆ ಮಾಡಬೇಕಾದ ಕೆಲಸವನ್ನು ನೆನಪಿಡುವುದು ಇನ್ನೊಂದು ಬಗೆ. ‘ಊಟವಾದ ಮೇಲೆ ಮಾತ್ರೆ ತೆಗೆದುಕೊ’ ಎಂಬುದಕ್ಕಿಂತ ‘ಎರಡು ಗಂಟೆಗೆ ತೆಗೆದುಕೊ’ ಎಂಬುದು ಹೆಚ್ಚು ಕಷ್ಟವೆಂದು ಹಲವು ಅಧ್ಯಯನಗಳು ಹೇಳುತ್ತವೆ. ಮೊದಲನೆಯದಕ್ಕೆ ಊಟವೇ ಸುಳಿವು. ಎರಡನೆಯದಕ್ಕೆ ಕಾಲದ ಲೆಕ್ಕವನ್ನು ವ್ಯಕ್ತಿಯೇ ಇಡಬೇಕು.

ಮೂರು ತಾಲ್ಲೂಕುಗಳ ಸ್ಥಿತಿ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು 2009ರ ಡಿಸೆಂಬರ್‌ನಲ್ಲಿ ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 30ನೇ ಜಿಲ್ಲೆಯಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,74,271. ಆ ಗಣತಿಯಲ್ಲಿ ಸ್ವಲೀನತೆಗೆ ಪ್ರತ್ಯೇಕ ಅಂಕಣವಿರಲಿಲ್ಲ. ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಸ್ವಲೀನತೆ ಇದೆ ಎಂಬ 2021ರ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆ ನೀಡುತ್ತದೆ. ಅದೇ ಪ್ರಮಾಣ ಇಲ್ಲಿಯೂ ಇದೆ ಎಂದು ಭಾವಿಸಿದರೆ, ಎಲ್ಲ ವಯಸ್ಸಿನವರೂ ಸೇರಿ ಸುಮಾರು ಒಂಬತ್ತು ಸಾವಿರ ಜನರಾಗುತ್ತಾರೆ. ಇದು ಕೇವಲ ಲೆಕ್ಕಾಚಾರ, ಸಮೀಕ್ಷೆಯ ಫಲಿತಾಂಶವಲ್ಲ.

ಇಂದಿನ ವಯಸ್ಕರು ಬಾಲಕರಾಗಿದ್ದಾಗ ಸ್ವಲೀನತೆಯ ಹೆಸರನ್ನೇ ಕೇಳಿದವರು ವಿರಳ. ‘ಮಂಕ’, ‘ಮೊಂಡ’, ‘ತನ್ನ ಪಾಡಿಗೆ ತಾನಿರುವವ’ ಎಂಬ ಮಾತಿನೊಳಗೆ ಅನೇಕರ ಬದುಕು ಕಳೆದಿದೆ. ಜಿಲ್ಲೆಯಿಂದ ಬೆಂಗಳೂರು, ಹೈದರಾಬಾದ್, ಮುಂಬೈಗಳಿಗೆ ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು ಬಹಳ. ಮನೆಯವರೇ ನೆನಪಿನ ಆಸರೆಯಾಗಿದ್ದ ವ್ಯಕ್ತಿಗೆ ಅವರು ದೂರವಾದರೆ ತೊಡಕು ಇಮ್ಮಡಿಯಾಗುತ್ತದೆ.

ಕೇಳುವವರ ಹೊಣೆ

ಪರಿಹಾರದ ಅರ್ಧ ಭಾಗ ಪ್ರಶ್ನೆ ಕೇಳುವವರ ಕೈಯಲ್ಲಿದೆ. ವೈದ್ಯರು ‘ಏನಾಗ್ಯದ?’ ಎಂದು ಕೇಳಿ ಸುಮ್ಮನಾಗುವ ಬದಲು ‘ನೋವು ಎಲ್ಲಿದೆ, ತೋರಿಸಿ’, ‘ಬೆಳಿಗ್ಗೆ ಎದ್ದಾಗ ಇತ್ತೇ?’, ‘ಊಟ ಮಾಡಿದ ಮೇಲೆ ಹೆಚ್ಚಾಯಿತೇ, ಕಡಿಮೆಯಾಯಿತೇ?’ ಎಂದು ಬಿಡಿಸಿ ಕೇಳಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಇರಬೇಕು. ಉತ್ತರಕ್ಕೆ ಸಾಕಷ್ಟು ಸಮಯ ಬಿಡಬೇಕು. ಮೌನವನ್ನು ಉತ್ತರವೆಂದು ತಿಳಿಯಬಾರದು.

ಕಾಲವನ್ನು ಗುರುತಿಸಲು ಈ ಭಾಗದ ಹಳ್ಳಿಗಳಲ್ಲಿ ರೂಢಿಯಲ್ಲಿರುವ ಕ್ರಮವೇ ಒಳ್ಳೆಯ ಸಾಧನ. ತಾರೀಖು ಹೇಳಲಾಗದವರೂ ಸಂಕ್ರಾಂತಿಗೆ ನಡೆಯುವ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಮೊದಲೋ ಆಮೇಲೋ, ಕಾರಹುಣ್ಣಿಮೆಯ ಆಚೆಯೋ ಈಚೆಯೋ, ಹತ್ತಿ ಬಿಡಿಸುವ ಕಾಲವೋ ಎಂದು ಕೇಳಿದರೆ ಹೇಳಬಲ್ಲರು. ಇಂಥ ಗುರುತುಗಳು ಸ್ವಲೀನ ವ್ಯಕ್ತಿಗೆ ಬೇಕಾದ ಸುಳಿವನ್ನೇ ಒದಗಿಸುತ್ತವೆ.

ಆದರೆ ಸುಳಿವು ಕೊಡುವುದು ಬೇರೆ, ಉತ್ತರವನ್ನೇ ಬಾಯಿಗಿಡುವುದು ಬೇರೆ. ‘ಅವನೇ ಹೊಡೆದನಲ್ಲವೇ?’ ಎಂಬ ಪ್ರಶ್ನೆಗೆ ಒತ್ತಡದಿಂದ ಪಾರಾಗಲು ಹೌದು ಎನ್ನುವ ಅಪಾಯವಿದೆ. ‘ಅಲ್ಲಿ ಯಾರು ಯಾರು ಇದ್ದರು?’, ‘ಆಮೇಲೆ ಆತ ಏನು ಮಾಡಿದ?’ ಎಂದು ಕೇಳುವುದು ಸುರಕ್ಷಿತ. ವಿಚಾರಣೆಯ ವೇಳೆ ಘಟನೆಯನ್ನು ಸಾಕ್ಷಿಯೇ ಮೊದಲು ತನ್ನದೇ ಆದ ಸಣ್ಣ ಭಾಗಗಳಾಗಿ ವಿಂಗಡಿಸಿ, ನಂತರ ಒಂದೊಂದನ್ನೇ ವಿವರಿಸುವ ಕ್ರಮವನ್ನು ಬ್ರಿಟನ್ನಿನ ಸಂಶೋಧಕರು ರೂಪಿಸಿದ್ದಾರೆ. ಸ್ಥಳದ ನಕ್ಷೆ ಬರೆಯಿಸುವುದೂ ನೆರವಾಗುತ್ತದೆ.

ದಿನಚರಿಯ ಉಪಾಯಗಳು

ಇನ್ನರ್ಧ ಪರಿಹಾರ ನೆನಪಿನ ಭಾರವನ್ನು ತಲೆಯಿಂದ ಹೊರಕ್ಕೆ ಇಳಿಸುವುದರಲ್ಲಿದೆ. ಮರೆಯದಿರಲು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವ ಹಿರಿಯರ ರೂಢಿಯ ತತ್ತ್ವವೂ ಇದೇ.

ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನ ನಡೆದ ಒಂದೆರಡು ಸಂಗತಿಗಳನ್ನು ರಾತ್ರಿ ಗುರುತಿಸಿಡಬೇಕು. ಆಸ್ಪತ್ರೆಗೆ ಹೋಗುವ ಮುನ್ನ ಹೇಳಬೇಕಾದುದನ್ನು ಚೀಟಿಯಲ್ಲಿ ಬರೆದು ಅದನ್ನೇ ವೈದ್ಯರಿಗೆ ಕೊಡಬಹುದು. ಮೊಬೈಲಿನಲ್ಲಿ ತೆಗೆದ ಚಿತ್ರಗಳು ದಿನ ಮತ್ತು ವೇಳೆಯನ್ನೂ ದಾಖಲಿಸುವುದರಿಂದ ಘಟನೆಗಳ ಕ್ರಮವನ್ನು ಮರಳಿ ಜೋಡಿಸಲು ಉಪಯುಕ್ತ. ಗಡಿಯಾರದ ವೇಳೆಗೆ ಕಟ್ಟಿದ ಕೆಲಸಗಳನ್ನು ಸ್ನಾನ, ಊಟ, ಬಾಗಿಲು ಹಾಕುವುದು ಮುಂತಾದ ನಿತ್ಯದ ಕೆಲಸಗಳಿಗೆ ಕಟ್ಟಬೇಕು. ಸಾಧ್ಯವಾಗದಿದ್ದಲ್ಲಿ ಮೊಬೈಲಿನ ಅಲಾರಂ ಇಡಬೇಕು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳಿಗೆ ಒಂದೇ ಕಾಯಂ ಜಾಗವಿರಬೇಕು.

2011ರಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83 ಆಗಿದ್ದು, ರಾಜ್ಯದಲ್ಲಿಯೇ ಕನಿಷ್ಠವಾಗಿತ್ತು. ಆದ್ದರಿಂದ ಬರಹವನ್ನೇ ನಂಬಿದ ಉಪಾಯ ಎಲ್ಲರಿಗೂ ಒದಗದು. ಓದು ಬಾರದವರಿಗೆ ಚಿತ್ರಗಳು, ಬಣ್ಣದ ಗುರುತುಗಳು, ಮೊಬೈಲಿನಲ್ಲಿ ಮನೆಯವರ ಧ್ವನಿಯಲ್ಲೇ ಮುದ್ರಿಸಿದ ಸೂಚನೆಗಳು ಅದೇ ಕೆಲಸವನ್ನು ಮಾಡುತ್ತವೆ.

ವೈದ್ಯರನ್ನು ಕಾಣಬೇಕಾದಾಗ

ಮರೆವೆಲ್ಲವೂ ಸ್ವಲೀನತೆಯದಲ್ಲ. ನಿದ್ರಾಹೀನತೆ, ಆತಂಕ, ಖಿನ್ನತೆ, ಅಪಸ್ಮಾರ, ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ ಹಾಗೂ ಕೆಲವು ಔಷಧಗಳಿಂದಲೂ ನೆನಪು ಕುಂದುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ಮೊದಲು ಸರಾಗವಾಗಿ ಮಾಡುತ್ತಿದ್ದ ಕೆಲಸವನ್ನೇ ಇತ್ತೀಚೆಗೆ ಮರೆಯತೊಡಗಿದ್ದರೆ, ಪರಿಚಿತ ದಾರಿ ತಪ್ಪುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸ್ವಲೀನತೆಯನ್ನೇ ‘ಗುಣಪಡಿಸುವ’ ಅಥವಾ ನೆನಪನ್ನು ದಿಢೀರನೆ ಹೆಚ್ಚಿಸುವ ಔಷಧವಿಲ್ಲ. ಅಂಥ ಜಾಹೀರಾತುಗಳಿಗೆ ಹಣ ತೆರುವುದು ವ್ಯರ್ಥ.

ಕಾನೂನು ಮತ್ತು ನೆರವು

ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಸ್ವಲೀನತೆಯೂ ಸೇರಿ 21 ಬಗೆಯ ನ್ಯೂನತೆಗಳನ್ನು ಗುರುತಿಸಿದ್ದು, 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಅಂಗವಿಕಲರ ಸಾಕ್ಷ್ಯವನ್ನು ಅವರಿಗೆ ಒಗ್ಗುವ ಭಾಷೆ ಮತ್ತು ಸಂವಹನ ವಿಧಾನದಲ್ಲಿ ದಾಖಲಿಸಲು ಬೇಕಾದ ಸೌಲಭ್ಯ ಒದಗಿಸುವಂತೆ ಅದರ 12ನೇ ಪ್ರಕರಣ ಸರ್ಕಾರಕ್ಕೆ ವಿಧಿಸುತ್ತದೆ. ಬಿಡಿಸಿ ಕೇಳಿ, ಬರೆದು ಉತ್ತರಿಸಲು ಬಿಡಿ ಎಂದು ಕೋರುವವರಿಗೆ ಕಾನೂನಿನ ಬೆಂಬಲವೂ ಇದೆ ಎಂದಾಯಿತು.

ಸ್ವಲೀನತೆಯನ್ನು ಅಳೆಯಲು 40 ಅಂಶಗಳ ಭಾರತೀಯ ಮಾಪಕವೊಂದಿದೆ. ವಯಸ್ಕರ ತಪಾಸಣೆಯಲ್ಲಿ ಬಾಲ್ಯದ ವಿವರಗಳನ್ನು ಕೇಳುವುದು ಅನಿವಾರ್ಯ. ಅವು ವ್ಯಕ್ತಿಗೆ ಹೊಳೆಯದಿರುವ ಸಂಭವವೇ ಹೆಚ್ಚಾದ್ದರಿಂದ ತಾಯಿ, ಅಕ್ಕ, ಅಣ್ಣ ಅಥವಾ ಬಾಲ್ಯವನ್ನು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳಿತು. ಶಾಲೆಯ ಹಳೆಯ ದಾಖಲೆಗಳೂ ಉಪಯೋಗಕ್ಕೆ ಬರುತ್ತವೆ. ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ದೂರ ಹೋಗಲಾಗದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಕರೆ ಮಾಡುವ ಮುನ್ನ ಕೇಳಬೇಕಾದುದನ್ನು ಬರೆದಿಟ್ಟುಕೊಂಡರೆ ಮಾತು ಸುಲಭವಾಗುತ್ತದೆ.