ಮೂರಿಂಚು ಮೂಳೆ, ಅದರ ಕೆಳಗೊಂದು ವೈರು

ಈ ವಾರದ ಇತಿಹಾಸ ನನ್ನದೇ ಒಂದು ಪೆದ್ದುತನದಿಂದ ಶುರುವಾಗುತ್ತೆ.

ನಾನು ಬಿ.ಕಾಂ ಮುಗಿಸಿದ ವರ್ಷ ಮಾವ ತಮ್ಮ ಹಳೇ ಅಕೌಸ್ಟಿಕ್ ಗಿಟಾರ್ ನನಗೆ ಕೊಟ್ಟರು. ಸ್ಟೇಜ್ ಮೇಲೆ ನುಡಿಸೋಕೆ ಅದಕ್ಕೊಂದು ಪಿಕಪ್ ಬೇಕಿತ್ತು. ಅಂದ್ರೆ, ತಂತಿಯ ಕಂಪನವನ್ನು ಕರೆಂಟ್ ಸಿಗ್ನಲ್ ಮಾಡಿ ಆಂಪ್‌ಗೆ ಕಳಿಸೋ ಭಾಗ. ನಾನು ತಂದಿದ್ದು ಸ್ಯಾಡಲ್ ಕೆಳಗೆ ಕೂರೋ ತೆಳ್ಳನೆಯ ಪಟ್ಟಿ. ಸ್ಯಾಡಲ್ ಅಂದ್ರೆ ಬ್ರಿಡ್ಜ್ ಮೇಲೆ ಆರೂ ತಂತಿಗಳನ್ನು ಹೊರೋ, ಸುಮಾರು ಮೂರಿಂಚಿನ ಬಿಳೀ ತುಂಡು. ಮಾವನ ಗಿಟಾರಿನದ್ದು ಮೂಳೆಯದು. ಕೆಳಗೆ ಪಟ್ಟಿ ಬಂದರೆ ಸ್ಯಾಡಲ್ ಎತ್ತರವಾಗುತ್ತೆ, ಹಾಗಾಗಿ ಅದರ ತಳ ಉಜ್ಜಬೇಕು. ಕೂಲಿ ಉಳೀಲಿ ಅಂತ ನಾನೇ ಉಜ್ಜಿದೆ.

ಷೋ ದಿನ ಮೂರನೇ ತಂತಿ ಕೇಳಿಸಲೇ ಇಲ್ಲ. ಉಳಿದ ಐದು ಕಿರುಚುತ್ತಿದ್ದವು. ಮನೇಲಿ ಆಂಪ್‌ಗೆ ಹಾಕಿದಾಗ ಅಮ್ಮ, "ಇದೇನೋ, ಮಾವನ ಗಿಟಾರ್ ಥರಾನೇ ಇಲ್ವಲ್ಲೋ" ಅಂದ್ರು.

ಅಷ್ಟಕ್ಕೂ, ಆ ಮೂಳೆ ಕೆಳಗೆ ವೈರು ಹೋಗಿದ್ದಾದರೂ ಯಾಕೆ?

ಡ್ರಮ್ಸ್ ಪಕ್ಕ ಮರದ ಗಿಟಾರಿನ ದನಿ ಮುಳುಗಿಹೋಗುತ್ತೆ. ಮೈಕ್ ಇಟ್ಟರೆ ಡ್ರಮ್ಸೂ ಅದರೊಳಗೇ ಬರುತ್ತೆ. 1954ರಲ್ಲಿ ಗಿಬ್ಸನ್ ಕಂಪನಿ ಜೆ-160ಇ ಅನ್ನೋ ಮಾಡೆಲ್ ತಂದಿತು. ಅದರಲ್ಲಿದ್ದದ್ದು ಎಲೆಕ್ಟ್ರಿಕ್ ಗಿಟಾರಿನ ಮ್ಯಾಗ್ನೆಟ್ ಪಿಕಪ್. ಬೀಟಲ್ಸ್‌ನ ಲೆನ್ನನ್, ಹ್ಯಾರಿಸನ್ ಇಬ್ಬರೂ 1962ರಲ್ಲಿ ಅದನ್ನೇ ಕೊಂಡರು. ಆದರೆ ಮ್ಯಾಗ್ನೆಟ್‌ಗೆ ಗೊತ್ತಾಗೋದು ಮುಖ್ಯವಾಗಿ ಉಕ್ಕಿನ ತಂತಿ. ಮರ ಹೆಚ್ಚೇನೂ ಕೇಳಿಸೋಲ್ಲ. ಸಾಲದ್ದಕ್ಕೆ ಸ್ಪೀಕರ್ ಸದ್ದಿಗೆ ಗಿಟಾರ್ ಮತ್ತೆ ಅದುರಿ ಊಳಿಡುತ್ತೆ, ಅದೇ ಫೀಡ್‌ಬ್ಯಾಕ್. 1964ರ 'ಐ ಫೀಲ್ ಫೈನ್' ಹಾಡು ಶುರುವಾಗೋದೇ ಆ ಸದ್ದಿನಿಂದ.

ಆಮೇಲೆ ಬಂದವರು ಚಾರ್ಲ್ಸ್ ಕಾಮನ್. ಅಮೆರಿಕದಲ್ಲಿ ಹೆಲಿಕಾಪ್ಟರ್ ಕಂಪನಿ ಕಟ್ಟಿದ ಎಂಜಿನಿಯರ್, ತಾವೂ ಗಿಟಾರ್ ನುಡಿಸುತ್ತಿದ್ದರು. 1966ರಲ್ಲಿ ಅವರು ಓವೇಶನ್ ಗಿಟಾರ್ ಕಂಪನಿ ಶುರು ಮಾಡಿದರು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತೆ ಅಂತ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ಅದಕ್ಕೆ ಪೀಜೋ ಅಂತಾರೆ. ಗಿಟಾರಿನಲ್ಲಿ ಒತ್ತಡ ಎಲ್ಲಿದೆ? ಸ್ಯಾಡಲ್ ಮೇಲೆ! ಓವೇಶನ್ ಅಲ್ಲೇ ಒಂದೊಂದು ತಂತಿಗೆ ಒಂದೊಂದು ಹರಳು ಕೂರಿಸಿತು. 1969ರಲ್ಲಿ ಶುರುವಾದ ಗ್ಲೆನ್ ಕ್ಯಾಂಪ್‌ಬೆಲ್ ಟಿವಿ ಷೋ ಆ ಗಿಟಾರನ್ನು ಮನೆಮನೆಗೆ ತಲುಪಿಸಿತು. ಫೀಡ್‌ಬ್ಯಾಕ್ ಕಾಟ ಕಡಿಮೆಯಾಯ್ತು, ಸ್ಟೇಜ್ ಗೆದ್ದಾಯ್ತು.

ಆದರೆ ಯಾವುದೂ ಫ್ರೀ ಅಲ್ಲ. ನಮ್ಮ ಕಿವಿಗೆ ಬರೋದು ತಂತಿ, ಮರದ ಹಲಗೆ, ಡಬ್ಬದೊಳಗಿನ ಗಾಳಿ, ಕೋಣೆ ಎಲ್ಲಾ ಸೇರಿದ ದನಿ. ಹರಳಿಗೆ ಗೊತ್ತಾಗೋದು ಒತ್ತಡದ ಏರಿಳಿತ ಮಾತ್ರ. ಅದಕ್ಕೇ ಜೋರಾಗಿ ಮೀಟಿದರೆ ಬಾತುಕೋಳಿ ಕೂಗಿದ ಹಾಗಿರುತ್ತೆ. ಸ್ಯಾಡಲ್ ತಳ ಸಮ ಇಲ್ಲದಿದ್ದರೆ ಕೆಲವು ತಂತಿಗಳ ಒತ್ತಡ ಹರಳಿಗೆ ತಲುಪೋದೇ ಇಲ್ಲ. ನನ್ನ ಮೂರನೇ ತಂತಿಗೆ ಆಗಿದ್ದೂ ಇದೇ.

ಇನ್ನೊಂದು ತಮಾಷೆ. ಎಂಟಿವಿ 1989ರಲ್ಲಿ 'ಅನ್‌ಪ್ಲಗ್ಡ್' ಶುರು ಮಾಡಿತು, ವೈರಿಲ್ಲದ ಸಂಗೀತ ಅಂತ. 1993ರ ನವೆಂಬರ್ 18ರಂದು ನಿರ್ವಾಣದ ಕರ್ಟ್ ಕೋಬೇನ್ ಅಲ್ಲಿ ನುಡಿಸಿದ ಮಾರ್ಟಿನ್ ಡಿ-18ಇ ಗಿಟಾರಿಗೆ ಪಿಕಪ್ಪೂ ಇತ್ತು, ಆಂಪೂ ಇತ್ತು! ಅದೇ ಗಿಟಾರ್ 2020ರ ಹರಾಜಿನಲ್ಲಿ 60 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯ್ತು. ಅಕೌಸ್ಟಿಕ್ ದನಿ ಅಂತ ನಮ್ಮ ತಲೆಮಾರು ಸ್ಟೇಜಿನಿಂದ ಕೇಳಿಕೊಂಡು ಬಂದಿದ್ದರಲ್ಲಿ ಬಹುಪಾಲು ವೈರಿನ ದನಿನೇ.

ನಾನು ಹೊಸ ಮೂಳೆ ತುಂಡು ತಂದೆ. ಗಾಜಿನ ಮೇಲೆ ಉಪ್ಪು ಕಾಗದ ಹಾಸಿ, ಈ ಸಲ ಒಂದು ಸಂಜೆ ಪೂರ್ತಿ ಕೂತು ತಳ ಸಮ ಮಾಡಿದೆ. ಮೂರನೇ ತಂತಿ ವಾಪಸ್ ಬಂತು. ಮಾವ ಬಂದಾಗ ಆಂಪ್ ಇಲ್ಲದೇನೇ ನುಡಿಸಿದೆ. ಅವರು ಕೇಳಿ, "ಹೂಂ, ಹತ್ರ ಬಂದಿದೆ" ಅಂದ್ರು. ಹತ್ರ ಅಷ್ಟೇ. ನಾನು ಉಜ್ಜಿ ಕೆಡಿಸಿದ ಹಳೇ ಮೂಳೆ ಈಗಲೂ ಗಿಟಾರ್ ಕೇಸಿನಲ್ಲೇ ಇದೆ.

ಮುಂದಿನ ಸಲ ಷೋಗೆ ಹೋದಾಗ ಕೇಳಿ ನೋಡಿ: ಬರ್ತಿರೋದು ಮರದ ದನೀನಾ, ಹರಳಿನದಾ? ಮುಂದಿನ ವಾರ ಸಿಗೋಣ.